ಹತ್ತು ಫೋಟೋ, ಒಂದು ಮೊಣಕೈ

ರಾಯದುರ್ಗದಲ್ಲಿ ನಾನು ಫೋಟೋ ತೆಗೆಯದ ಮದುವೆಯೇ ಇಲ್ಲ ಎಂದರೆ ಅದು ಜಂಬವಾದೀತು. ಎರಡು ಮೂರು ಇವೆ. ಆ ಮನೆಯವರ ಜೊತೆ ನಾನು ಈಗಲೂ ಮಾತಾಡುವುದಿಲ್ಲ. ಉಳಿದಂತೆ ಈ ಸುತ್ತಿನಲ್ಲಿ ನನ್ನ ಕ್ಯಾಮೆರಾಕ್ಕೆ ಕಾಯದೆ ತಾಳಿ ಕಟ್ಟಿದ ಮದುಮಗ ಅಪರೂಪ. ಪುರೋಹಿತರು ಕೂಡ ಮೊದಲು ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆಯೇ ವಾದ್ಯದವರಿಗೆ ಕೈ ಎತ್ತುತ್ತಾರೆ. ಇಷ್ಟು ಅಧಿಕಾರ ಚಲಾಯಿಸುವ ಮನುಷ್ಯನಿಗೆ ಒಬ್ಬ ಹುಡುಗಿಯ ಹತ್ತು ಫೋಟೋ ತೆಗೆದು ಅವಳ ಕೈಗೆ ಮುಟ್ಟಿಸುವುದು ಏನು ಮಹಾ ಕೆಲಸ!

ಮಹಾ ಕೆಲಸವೇ ಆಗಿತ್ತು.

ಹುಡುಗಿಯ ಹೆಸರು ಉಮಾ. ಮಡಕಶಿರಾದ ಕಿರಾಣಿ ಅಂಗಡಿ ಬಸಪ್ಪನವರ ಎರಡನೇ ಮಗಳು, ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಅವಳ ಅಕ್ಕನ ಮದುವೆಗೆ ನಾನೇ ಫೋಟೋ ತೆಗೆದಿದ್ದೆ. ಒಂದು ದಿನ ಅವಳು ಫೋನ್ ಮಾಡಿದಳು.

"ಅಣ್ಣ, ಹಿಂದೂಪುರದಾಗೆ ಹೊಸದಾಗಿ ಸೀರೆ ಅಂಗಡಿ ತೆಗೀತಾವ್ರೆ. ಬೋರ್ಡಿಗೆ ಹಾಕಾಕೆ ನಮ್ ಕಡೆ ಹುಡುಗಿ ಮುಖ ಬೇಕಂತೆ. ಹತ್ತು ಫೋಟೋ ಕಳಿಸ್ಬೇಕು. ಟಿ.ಎಫ್.ಪಿ. ಮಾಡಾನ ಏನಣ್ಣ?"

ಟಿ.ಎಫ್.ಪಿ. ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. "ಓ, ಮಾಡೋಣಮ್ಮ, ಅದೆಲ್ಲ ನಮಗ ದಿನಾ ಇದ್ದದ್ದೇ" ಅಂದೆ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅವಳು ನಿಲ್ಲಬೇಕು, ನಾನು ತೆಗೆಯಬೇಕು. ಅವಳು ನನಗೆ ದುಡ್ಡು ಕೊಡುವಂತಿಲ್ಲ, ನಾನು ಅವಳಿಗೆ ಕೊಡುವಂತಿಲ್ಲ. ಅವಳಿಗೆ ತೋರಿಸಿಕೊಳ್ಳಲು ಫೋಟೋ ಆಯಿತು, ನನಗೂ ತೋರಿಸಿಕೊಳ್ಳಲು ಫೋಟೋ ಆಯಿತು. ದೊಡ್ಡ ಊರುಗಳಲ್ಲಿ ಮಾಡೆಲ್‌ಗಳೂ ಫೋಟೋಗ್ರಾಫರ್‌ಗಳೂ ಬೆಳೆಯುವುದೇ ಹೀಗಂತೆ.

ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಬೀಗರ ಊಟದ ಪಂಕ್ತಿಯನ್ನು ತೆಗೆದ ಕೈ ಇದು. ಇನ್ನು ಮೇಲೆ ಫ್ಯಾಷನ್ ಫೋಟೋಗ್ರಾಫರ್!

ಹೆಂಡತಿ ಗಿರಿಜಾಳಿಗೆ ಹೇಳಿದೆ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಆಕಿ ಕೊಡಂಗಿಲ್ಲ, ನೀವು ಕೊಡಂಗಿಲ್ಲ. ಮತ್ತ ಪೆಟ್ರೋಲ್ ಯಾರು ಕೊಡ್ತಾರ್ರಿ?"

"ಇದು ಕಲೆ, ಗಿರಿಜಾ."

"ಹೌದ್ರಿ. ಬಂಕಿನವಗ ಹಂಗ ಹೇಳ್ರಿ."

ಉಮಾ ಇನ್ನೊಂದು ವಿಷಯವನ್ನೂ ಹೇಳಿದ್ದಳು, ಅದನ್ನು ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಅಪ್ಪ ಬಹಳ ಕಷ್ಟದಿಂದ ಒಪ್ಪಿದ್ದಾರೆ. ಈ ಒಂದು ಸಲ ಮಾತ್ರ. ಅಂಗಡಿಯವರು ಆರಿಸಿಕೊಂಡರೆ ಸರಿ, ಮುಂದಿನದು ಅವಳ ಇಷ್ಟ. ಆರಿಸಿಕೊಳ್ಳದಿದ್ದರೆ ಈ ಹುಚ್ಚು ಬಿಟ್ಟು, ಅಪ್ಪ ಕರೆಸಿದ ಗಂಡಿನ ಮುಂದೆ ಕಾಫಿ ತಟ್ಟೆ ಹಿಡಿದು ಬಂದು ಕೂರಬೇಕು. ಶುಕ್ರವಾರ ಸಂಜೆಯೊಳಗೆ ಫೋಟೋಗಳು ಸೀರೆ ಅಂಗಡಿಗೆ ಮುಟ್ಟಬೇಕು. "ಎಲ್ಲಾ ನಿಮ್ ಕೈಯಾಗೆ ಐತೆ ಕಣಣ್ಣ" ಅಂದಳು. ನನ್ನ ಕೈಯಲ್ಲಿ ಇದೆ ಅಂದಮೇಲೆ ಹೆದರಬೇಕಾದದ್ದು ಅವಳು, ನಾನಲ್ಲ. ಆದರೆ ಪಾಪ, ಅವಳಿಗೆ ಅದು ಗೊತ್ತಿರಲಿಲ್ಲ.

ಭಾನುವಾರ ಮಡಕಶಿರಾ ಕಡೆಯ ರತ್ನಗಿರಿ ಕೋಟೆಯಲ್ಲಿ ಶೂಟಿಂಗು. ಒಬ್ಬಳೇ ಹುಡುಗಿಯ ಫೋಟೋ ತೆಗೆಯಲು ನಾನೊಬ್ಬನೇ ಹೋದರೆ ಚೆನ್ನಾಗಿರುವುದಿಲ್ಲವೆಂದು ಗಿರಿಜಾಳನ್ನೂ ಕರೆದುಕೊಂಡು ಹೋದೆ. ನನ್ನ ಹಳೆಯ ಸಣ್ಣ ಕ್ಯಾಮೆರಾವನ್ನು ಅವಳ ಕೊರಳಿಗೆ ನೇತುಹಾಕಿ, "ಸುಮ್ಮನೆ ಇಟ್ಟುಕೊಂಡಿರು, ಏನೂ ಒತ್ತಬೇಡ" ಎಂದು ಆಜ್ಞೆ ಮಾಡಿದೆ.

ಉಮಾ ಸಾದಾ ಹತ್ತಿ ಸೀರೆ ಉಟ್ಟು, ಮುಖಕ್ಕೆ ಪೌಡರು ಸಹ ಹಾಕದೆ ಬಂದಿದ್ದಳು. ಅಂಗಡಿಯವರು ಹಾಗೇ ಕೇಳಿದ್ದರಂತೆ. ಎಣ್ಣೆಗೆಂಪು ಮೈಬಣ್ಣ, ದೊಡ್ಡ ಕಣ್ಣು, ನಕ್ಕರೆ ಕೆನ್ನೆಯಲ್ಲಿ ಗುಳಿ. ತೊಂದರೆ ಏನೆಂದರೆ ಕ್ಯಾಮೆರಾ ಎತ್ತಿದ ಕೂಡಲೇ ಅವಳು ನಗುತ್ತಲೇ ಇರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವ ಮುಖ ಬಂದುಬಿಡುತ್ತಿತ್ತು.

"ಸೊಂಟ ಸ್ವಲ್ಪ ಓರೆ ಮಾಡಮ್ಮ. ಸೆರಗು ತಲಿ ಮೇಲೆ. ಕಣ್ಣು ಬೆಟ್ಟದ ಕಡಿ" ಅಂದೆ.

"ಎಂಗಣ್ಣ? ಒಂದ್ ಕಿತ ನೀವೇ ಮಾಡಿ ತೋರ್ಸಿ."

ಕಲಾವಿದನಿಗೆ ಸಂಕೋಚ ಇರಬಾರದು. ಗಿರಿಜಾ ಬಿಸಿಲಿಗೆಂದು ತಂದಿದ್ದ ಹಳದಿ ಸೀರೆಯನ್ನು ಇಸಿದುಕೊಂಡು ಪ್ಯಾಂಟಿನ ಮೇಲೆಯೇ ಸುತ್ತಿದೆ. ಸೆರಗು ತಲೆಯ ಮೇಲೆ ಹೊದ್ದೆ. ನೀರು ತಂದಿದ್ದ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು, ಹೊಟ್ಟೆ ಒಳಗೆಳೆದು, ಮೊಣಕೈ ಮಡಿಸಿ ಗಲ್ಲಕ್ಕೆ ಬೆರಳಿಟ್ಟು, ಬೆಟ್ಟದ ಕಡೆ ವಿರಹದಿಂದ ನೋಡಿದೆ. ಹಿಂದೆ ಏನೋ ಕಿಲಕಿಲ ಕೇಳಿಸಿತು. ಆಡು ಮೇಯಿಸುವ ಹೆಂಗಸರು ಇರಬೇಕೆಂದು ತಿರುಗಿ ನೋಡಲಿಲ್ಲ. ಹೀಗೆ ಪ್ರತಿಯೊಂದು ಭಂಗಿಯನ್ನೂ ಮೊದಲು ನಾನು ಮಾಡಿ, ಆಮೇಲೆ ಅವಳಿಂದ ಮಾಡಿಸಿ, ಸಂಜೆಯವರೆಗೆ ಫೋಟೋ ಹೊಡೆದೆ.

ಇಲ್ಲಿಯವರೆಗೆ ಎಲ್ಲ ಸರಿ. ಮುಂದಿನದು ಫೋಟೋ ಕೊಡುವ ಕೆಲಸ ಒಂದೇ!

ಸೋಮವಾರ ಕಂಪ್ಯೂಟರ್ ಮುಂದೆ ಕುಳಿತೆ. ಹತ್ತು ಒಳ್ಳೆಯ ಫೋಟೋ ಆರಿಸಿದೆ. ಅವನ್ನು ಹಾಗೆಯೇ ಕಳಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಬರೀ ಫೋಟೋ ಕೊಟ್ಟರೆ ಜನ ಮುಖ ಸಿಂಡರಿಸುತ್ತಾರೆ. "ಏನೂ ಕೆಲ್ಸಾನ ಮಾಡಿಲ್ಲಲ್ರಿ?" ಅನ್ನುತ್ತಾರೆ. ಅವರಿಗೆ ಹಿಂದೆ ಹಿಮದ ಬೆಟ್ಟ ಬೇಕು, ಕೆಳಗೆ ತಾವರೆ ಕೊಳ ಬೇಕು, ಕೊಳದಲ್ಲಿ ಎರಡು ಹಂಸ ಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದ ನನ್ನ ಕೈ ನನ್ನನ್ನು ಕೇಳದೆಯೇ ಕೆಲಸ ಶುರುಮಾಡಿತು. ಉಮಾಳ ಮುಖ ಬೆಳ್ಳಗಾಯಿತು. ಇನ್ನೂ ಬೆಳ್ಳಗಾಯಿತು. ಗುಳಿ ಅಳಿಸಿಹೋಯಿತು. ರತ್ನಗಿರಿ ಕೋಟೆ ಹೋಗಿ ಹಿಮದ ಬೆಟ್ಟ ಬಂತು. ನನ್ನ ಆಲ್ಬಂ ಪುಟದಲ್ಲಿ ಯಾವಾಗಲೂ ಎರಡು ದುಂಡು ಚೌಕಟ್ಟು ಇರುತ್ತವೆ, ಒಂದು ಮದುಮಗಳಿಗೆ, ಒಂದು ಮದುಮಗನಿಗೆ. ಒಂದರಲ್ಲಿ ಉಮಾಳನ್ನು ಕೂರಿಸಿದೆ. ಇನ್ನೊಂದು ಖಾಲಿ ಉಳಿಯಿತು. ಸುತ್ತ ಹೂವಿನ ಬಳ್ಳಿ ಇದ್ದುದರಿಂದ ನೋಡಲು ಚೆನ್ನಾಗಿಯೇ ಇತ್ತು, ಬಿಟ್ಟೆ.

ಕೆಳಗೆ ನನ್ನ ಸ್ಟುಡಿಯೋ ಹೆಸರನ್ನೂ ಫೋನ್ ನಂಬರನ್ನೂ ಕುರುಡರಿಗೂ ಕಾಣುವಷ್ಟು ದಪ್ಪಗೆ ಹಾಕಿದೆ. ನಮ್ಮ ಜನ ಫೋಟೋವನ್ನು ಊರೆಲ್ಲ ಹಂಚುತ್ತಾರೆ, ತೆಗೆದವನ ಹೆಸರನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ.

ಇನ್ನು ಯಾರಿಗೆ ಕಳಿಸುವುದು? ಇದರಲ್ಲಿ ಯೋಚಿಸುವುದೇನೂ ಇಲ್ಲ ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಹೆಣ್ಣುಮಕ್ಕಳ ಫೋಟೋವನ್ನು ಹೆಣ್ಣುಮಕ್ಕಳ ಕೈಗೆ ಕೊಡುವುದಿಲ್ಲ. ಮನೆಯ ಹಿರಿಯರ ಕೈಗೇ ಕೊಡಬೇಕು. ಒಮ್ಮೆ ಮದುಮಗಳ ಕೈಗೆ ಕೊಟ್ಟು, ಅವಳು ಅತ್ತೆಯ ಫೋಟೋಗಳನ್ನೆಲ್ಲ ಅಳಿಸಿ, ಎರಡು ಮನೆಗೆ ಮಾತು ನಿಂತುಹೋಗಿತ್ತು. ಅಂದಿನಿಂದ ನನ್ನದು ಒಂದೇ ಕಾನೂನು. ಬಸಪ್ಪನವರ ನಂಬರು ನನ್ನಲ್ಲಿತ್ತು. ಹತ್ತೂ ಫೋಟೋಗಳನ್ನು ಅವರಿಗೆ ಕಳಿಸಿ, ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ. ಅಪ್ಪ ಮಗಳಿಗೆ ಕೊಡುತ್ತಾರೆ, ಮಗಳು ಅಂಗಡಿಗೆ ಕಳಿಸುತ್ತಾಳೆ!

ಬುಧವಾರದಿಂದ ನನ್ನ ಫೋನಿಗೆ ದೆವ್ವ ಹಿಡಿಯಿತು. ಎಲ್ಲ ಗೊತ್ತಿಲ್ಲದ ನಂಬರು, ಎಲ್ಲರದೂ ಒಂದೇ ಮಾತು.

"ಫೋಟೋ ನೋಡಿದಿವ್ರಿ. ಭಾಳ ಚಲೋ ಐತಿ. ಮುಂದಿಂದು ಮಾತಾಡಬೇಕಾಗಿತ್ತು."

ನನ್ನ ಕಣ್ಣಲ್ಲಿ ಆನಂದಬಾಷ್ಪ. ಒಂದೇ ಶೂಟಿಂಗಿಗೆ ಇಷ್ಟು ಹೆಸರು! ಇವರೆಲ್ಲ ತಮ್ಮ ಮನೆಯ ಮದುವೆಗೆ ಫೋಟೋ ಆರ್ಡರ್ ಕೊಡಲು ಕೇಳುತ್ತಿದ್ದಾರೆ ಎಂದುಕೊಂಡು, "ಬರ್ರಿ ಬರ್ರಿ, ಮನೀನೂ ಅಂಗಡೀನೂ ಒಂದೇ ಕಡಿ ಐತಿ" ಎಂದು ಎಲ್ಲರನ್ನೂ ಕರೆದೆ. ಬೊಮ್ಮನಹಾಳ್ ಕಡೆಯ ಒಬ್ಬ ಹಿರಿಯರು, "ಶುಕ್ರವಾರ ನೇಮಕಲ್ಲಿಗೆ ಬರೋದೈತಿ. ಆಂಜನೇಯನ ದರ್ಶನ ಮುಗಿಸಿ ಹಂಗ ನಿಮ್ಮನಿಗೆ ಬರ್ತೀವ್ರಿ. ಏಳೆಂಟು ಮಂದಿ ಅದೀವಿ" ಅಂದರು.

ಆರ್ಡರ್ ಕೊಡಲು ಏಳೆಂಟು ಮಂದಿ! ಎಷ್ಟು ದೊಡ್ಡ ಮದುವೆ ಇರಬೇಕು! ಗಿರಿಜಾಳಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಲು ಹೇಳಿದೆ.

ಶುಕ್ರವಾರ ಬೆಳಿಗ್ಗೆ ಅವರು ಬಂದರು. ಹಿರಿಯರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ನಡುವೆ ತಲೆ ತಗ್ಗಿಸಿಕೊಂಡ ಒಬ್ಬ ಹುಡುಗ. ಕೈಯಲ್ಲಿ ಬಾಳೆಹಣ್ಣು, ಹೂವು, ಎಲೆ ಅಡಿಕೆ. ಫೋಟೋಗ್ರಾಫರನಿಗೆ ಇಷ್ಟು ಮರ್ಯಾದೆ ಕೊಡುವ ಜನ ಇನ್ನೂ ಇದ್ದಾರಲ್ಲ ಎಂದು ಕುರ್ಚಿಗಳನ್ನು ನಾನೇ ಒರೆಸಿ ಹಾಕಿದೆ.

ಹಿರಿಯರು ಕುಳಿತು ಸುತ್ತ ನೋಡಿದರು. ನನ್ನ ಸ್ಟುಡಿಯೋ ಗೋಡೆಯ ತುಂಬ ಮದುವಣಗಿತ್ತಿಯರ ದೊಡ್ಡ ದೊಡ್ಡ ಫೋಟೋಗಳು.

"ಇವರೆಲ್ಲ ನಿಮ್ಮ ಮಕ್ಕಳೇನ್ರಿ?" ಅಂದರು.

"ಹಂಗ ಅನ್ಕೋರಿ. ಎಲ್ಲಾರೂ ನನ್ನ ಕೈಯಾಗ ಆದವ್ರೇ" ಎಂದೆ ವಿನಯದಿಂದ.

ಅವರು ತಮ್ಮ ಹೆಂಡತಿಯ ಕಡೆ ನೋಡಿದರು. ಆಕೆ ಬಾಯಿಗೆ ಸೆರಗು ಹಿಡಿದು ಗೋಡೆಯ ಫೋಟೋಗಳನ್ನು ಎಣಿಸತೊಡಗಿದರು. ಅಷ್ಟರಲ್ಲಿ ಗಿರಿಜಾ ಒಗ್ಗರಣೆಯ ತಟ್ಟೆಗಳನ್ನು ಹಿಡಿದು ಬಂದಳು. ಹಿರಿಯರ ಹೆಂಡತಿ ಗಿರಿಜಾಳನ್ನು ಮೇಲಿನಿಂದ ಕೆಳಗೆ ನೋಡಿ, ಕೈಯಲ್ಲಿದ್ದ ಫೋನನ್ನು ನೋಡಿ, ಮತ್ತೆ ಗಿರಿಜಾಳನ್ನು ನೋಡಿದರು.

"ಯವ್ವಾ, ಮಗಳು ಹಾಲಿನಂಗ ಅದಾಳ. ತಂದಿ ಕಡಿ ಹೋಗ್ಯಾಳೇನು?"

ಎಲ್ಲರೂ ನನ್ನನ್ನು ನೋಡಿದರು. ತಂದೆಯ ಕಡೆಯೂ ಹೋಗಿಲ್ಲವೆಂದು ಎಲ್ಲರಿಗೂ ಕಂಡಿತು.

"ಯಾವ ಮಗಳ್ರಿ?" ಅಂದಳು ಗಿರಿಜಾ. ನಮಗಿರುವುದು ಹೈಸ್ಕೂಲಿಗೆ ಹೋಗುವ ಒಬ್ಬ ಮಗ.

ಆಕೆ ಫೋನನ್ನು ನಮ್ಮ ಮುಖಕ್ಕೆ ಹಿಡಿದರು. ಹಿಮದ ಬೆಟ್ಟ. ತಾವರೆ ಕೊಳ. ಎರಡು ಹಂಸ. ದುಂಡು ಚೌಕಟ್ಟಿನಲ್ಲಿ ಸುಣ್ಣ ಹೊಡೆದಂತಿರುವ ಉಮಾ, ಪಕ್ಕದಲ್ಲಿ ಗಂಡಿಗಾಗಿ ಕಾದಿರುವ ಖಾಲಿ ಚೌಕಟ್ಟು, ಕೆಳಗೆ ನನ್ನ ನಂಬರು. ಮೇಲೆ ಒಂದು ಸಾಲು: ನಮ್ಮ ಕಡೆಯ ಸಂಬಂಧ ಹುಡುಕುವವರ ವಾಟ್ಸಾಪ್ ಗುಂಪಿನ ಹೆಸರು!

ಮಿರ್ಚಿ ಗಂಟಲಲ್ಲಿ ನಿಂತಿತು. ಈ ಏಳೆಂಟು ಮಂದಿ ಆರ್ಡರ್ ಕೊಡಲು ಬಂದವರಲ್ಲ, ಹೆಣ್ಣು ನೋಡಲು ಬಂದವರು! ಬುಧವಾರದಿಂದ ನಾನು "ಬರ್ರಿ ಬರ್ರಿ" ಎಂದು ಕರೆದವರೆಲ್ಲರೂ ಹೆಣ್ಣು ನೋಡಲು ಬರುವವರು! ಅದೂ ಇನ್ನೊಬ್ಬರ ಹೆಣ್ಣು!

ನಾನು ತೊದಲುತ್ತಾ ನಡೆದದ್ದನ್ನು ಹೇಳಿದೆ. ಹಿರಿಯರು ತಾಳ್ಮೆಯಿಂದ ಕೇಳಿ, ಒಗ್ಗರಣೆ ಪೂರ್ತಿ ತಿಂದು, ಕೈ ತೊಳೆದರು.

"ಹುಡುಗಿ ನಿಮ್ಮಾಕಿ ಅಲ್ಲ, ಬಣ್ಣ ಆಕೀದಲ್ಲ, ಬೆಟ್ಟ ನಮ್ಮ ದೇಶದ್ದಲ್ಲ. ಆ ಹಂಸ ಎರಡಾದ್ರೂ ನಿಮ್ಮವೇನ್ರಿ?" ಅಂದರು.

ಹುಡುಗ ಮೊದಲ ಸಲ ತಲೆ ಎತ್ತಿ ನಕ್ಕ. ಬಾಳೆಹಣ್ಣನ್ನು ವಾಪಸು ತೆಗೆದುಕೊಂಡು ಹೊರಟರು.

ಗಿರಿಜಾ ಬಾಗಿಲು ಹಾಕಿ ನನ್ನ ಮುಂದೆ ನಿಂತಳು. "ನನಗ ಲಗ್ನಕ್ಕ ಬಂದ ಮಗಳು! ಅಷ್ಟು ವಯಸ್ಸಾದಂಗ ಕಾಣ್ತೀನೇನ್ರಿ ನಾನು?" ಇಂಥ ಪ್ರಶ್ನೆಗೆ ಉತ್ತರ ಹೇಳಿ ಬದುಕಿದವರಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ದೇವರ ದಯದಿಂದ ಫೋನು ಬಡಿದುಕೊಂಡಿತು. ಎತ್ತಿದ ಮೇಲೆ ಅದು ದೇವರ ದಯವಲ್ಲವೆಂದು ತಿಳಿಯಿತು.

"ಅಣ್ಣ, ಇವತ್ತು ಸಂಜೆ ಕೊನೆ ಕಣಣ್ಣ. ಫೋಟೋ ಎಲ್ಲಿ?" ಉಮಾ ಕೇಳಿದಳು.

"ನಿಮ್ಮಪ್ಪಗ ಸೋಮವಾರಾನ ಕಳಿಸೀನಲ್ಲಮ್ಮ."

ಅವಳ ದನಿ ಏರಿತು.

"ಅಪ್ಪಂಗಾ? ಅಣ್ಣ, ನಾನು ನಿಮ್ಮುನ್ನ ಕೇಳಿದ್ದು, ಫೋಟೋ ನಂಗೆ ತಾನೆ? ಅದಕ್ಕೇನಾ ಅಪ್ಪ ಮೂರು ದಿನದಿಂದ ನನ್ ಮುಖ ನೋಡಿ ನೋಡಿ ಕಣ್ಣೊರೆಸ್ಕಂತಿರಾದು! ಭಾನುವಾರ ಗಂಡಿನ ಕಡೇರು ಬರ್ತಾವ್ರೆ ಅಂತ ಇವತ್ತು ಬೆಳಿಗ್ಗೆ ಹೇಳ್ತು. ನಾನು ಒಪ್ಪಿದೀನಂತೆ! ಅಂಗಡಿಯೋರು ಹೂಂ ಅನ್ನಾಗಂಟ ನಾನು ಎಂಗೆ ಒಲ್ಲೆ ಅನ್ನಾನ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. "ಸಂಜೆ ಒಳಗೆ ಅಂಗಡಿಯೋರಿಗೆ ಹೋಗ್ದಿದ್ರೆ ನನ್ ಕತೆ ಮುಗೀತಣ್ಣ" ಎಂದು ಅಂಗಡಿಯವರ ನಂಬರು ಕಳಿಸಿ ಫೋನ್ ಇಟ್ಟಳು. ಬೇರೆಯವರ ಮದುವೆಗಳಲ್ಲಿ ಅನ್ನ ಉಂಡವನು ನಾನು. ಒಂದು ಹುಡುಗಿಗೆ ಬೇಡದ ಮದುವೆಯನ್ನು ನನ್ನ ಕೈಯಾರೆ ಡಿಸೈನ್ ಮಾಡಿ ಕೊಟ್ಟಿದ್ದೆ.

ಈ ಸಲ ತಪ್ಪಾಗಬಾರದು. ಬಣ್ಣ ಬೇಡ, ಹಂಸ ಬೇಡ, ನಂಬರು ಬೇಡ, ಹಿರಿಯರೂ ಬೇಡ. ಆದರೆ ಹೆದರಿದ ಮನುಷ್ಯ ತನ್ನ ಹಳೆಯ ಅಭ್ಯಾಸಕ್ಕೇ ಹೋಗಿ ಬೀಳುತ್ತಾನೆ. ಮದುವೆ ಫೋಟೋದಲ್ಲಿ ಇನ್ನೊಂದು ಕಾನೂನು ಇದೆ: ಕೊಡುವಾಗ ಒಂದನ್ನೂ ಬಿಡಬಾರದು. ಯಾವುದೋ ಸೋದರತ್ತೆಯ ಫೋಟೋ ಬಿಟ್ಟುಹೋದರೆ ಸತ್ತೆವು. ಹತ್ತು ಆರಿಸುತ್ತಾ ಕೂತರೆ ಮತ್ತೆ ಏನಾದರೂ ಎಡವಟ್ಟಾದೀತು ಎಂದು, ಅಭ್ಯಾಸಬಲದಿಂದ ಎರಡೂ ಕ್ಯಾಮೆರಾದ ಕಾರ್ಡು ಸುರಿದಿಟ್ಟಿದ್ದ ಇಡೀ ಫೋಲ್ಡರನ್ನು ಹಾಗೆಯೇ ಮೇಲೇರಿಸಿ, ಲಿಂಕನ್ನು ಅಂಗಡಿಗೆ ಕಳಿಸಿದೆ. ಎರಡೂ ಕ್ಯಾಮೆರಾ ಎಂದೆನಲ್ಲ, ಎರಡನೆಯದರಲ್ಲಿ ಏನಿರಬಹುದೆಂದು ನಾನು ಯೋಚಿಸಲಿಲ್ಲ. ಒತ್ತಬೇಡ ಎಂದು ನಾನು ಆಜ್ಞೆ ಮಾಡಿದ್ದೆನಲ್ಲ!

ಭಾನುವಾರ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾಕ್ಕೆ ಹೋದೆವು, ನಾನೂ ಗಿರಿಜಾಳೂ. ಬಸಪ್ಪನವರ ಮುಂದೆ ತಪ್ಪೊಪ್ಪಿಕೊಂಡು, ಹುಡುಗಿಗೆ ಆದ ತೊಂದರೆಯನ್ನು ತಪ್ಪಿಸಬೇಕಿತ್ತು. ದಾರಿಯುದ್ದಕ್ಕೂ ಗಿರಿಜಾ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಮಗಳ ವಿಷಯ ಇನ್ನೂ ಇಳಿದಿರಲಿಲ್ಲ.

ಬಸಪ್ಪನವರು ಅಂಗಡಿಯಲ್ಲಿ ಕಡಲೆಕಾಯಿ ಮೂಟೆ, ಬೆಲ್ಲದ ಅಚ್ಚುಗಳ ನಡುವೆ ಹೊಸ ಅಂಗಿ ಹಾಕಿಕೊಂಡು ಕುಳಿತಿದ್ದರು. ನನ್ನನ್ನು ಕಂಡವರೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ಬಾರಪ್ಪ ಬಾ! ದೇವ್ರಂಗೆ ಬಂದೆ. ನನ್ ಮಗ್ಳು ಬಾಯಿಬಿಟ್ಟು ಹೇಳಾಕೆ ನಾಚ್ಕಂಡು, ಪಕ್ಕದಾಗೆ ಜಾಗ ಬಿಟ್ಟು ಫೋಟೋ ತೆಗೆಸ್ಯವ್ಳೆ. ನೋಡಿ ಅತ್ತುಬುಟ್ಟೆ ಕಣಪ್ಪ, ಆವತ್ತೇ ಸಂಬಂಧದ ಗುಂಪಿಗೂ ಹಾಕಿದೆ."

ಆ ಖಾಲಿ ಚೌಕಟ್ಟು! ಮಗಳು ಮನಸ್ಸು ಬದಲಿಸಿ ಮದುವೆಗೆ ಒಪ್ಪಿದ್ದಾಳೆ, ಅದನ್ನು ಹೀಗೆ ತಿಳಿಸಿದ್ದಾಳೆ ಎಂದು ಪಾಪ ಅವರು ನಂಬಿದ್ದರು. ಒಳಗಿನಿಂದ ಉಮಾ ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ನನ್ನನ್ನು ಸುಡುತ್ತಿತ್ತು. ನಾನು ತಾವರೆಯಿಂದ ಹಂಸದವರೆಗೆ ಎಲ್ಲವೂ ನನ್ನದೇ ಕೆಲಸ, ಹುಡುಗಿಗೆ ಏನೂ ಗೊತ್ತಿಲ್ಲ ಎಂದು ಹೇಳಿಬಿಟ್ಟೆ.

ಬಸಪ್ಪನವರ ಕೈ ನನ್ನ ಕೈಯಿಂದ ಜಾರಿತು. ಅವರು ಮೂಟೆಯ ಮೇಲೆ ಕುಳಿತುಬಿಟ್ಟರು.

"ಹಂಗಾರೆ ನೀನು ಒಪ್ಪಿಲ್ವೇನಮ್ಮ?"

"ನೀನು ಕೇಳಿದ್ರೆ ಹೇಳ್ತಿದ್ದೆ ಕಣಪ್ಪ. ನೀನು ಫೋಟೋನ ಕೇಳಿದೆ" ಅಂದಳು ಉಮಾ.

"ಅಮರಾಪುರದಿಂದ ಗಂಡಿನ ಕಡೇರು ಹೊರಡಾ ಹೊತ್ತಾತು. ಈಗ ಬರಬ್ಯಾಡಿ ಅಂತ ಎಂಗನ್ನಾನ? ಮಾತು ಅಂದ್ರೆ ಮಾತು. ಅಂಗಡಿಯೋರು ಏನೂ ಹೇಳಿಲ್ವಲ್ಲ" ಎಂದು ಬಸಪ್ಪನವರು ತಮಗೆ ತಾವೇ ಅಂದುಕೊಂಡರು.

ಆಗ ನನ್ನ ಫೋನು ಬಡಿದುಕೊಂಡಿತು. ಹಿಂದೂಪುರದ ಸೀರೆ ಅಂಗಡಿ! ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಈ ಕತೆಯಲ್ಲಿ ನಾನು ಮಾಡಿದ ತಪ್ಪುಗಳಲ್ಲೆಲ್ಲ ಇದು ದೊಡ್ಡದು.

"ಸರ್, ನಿಮ್ಮ ಫೋಟೋಸ್ ಎಲ್ಲಾ ನೋಡಿದ್ವಿ" ಎಂದಿತು ಒಂದು ಹೆಣ್ಣು ದನಿ, ಅಂಗಡಿಯ ಮ್ಯಾನೇಜರ್. "ಮೊದ್ಲು ಒಂದು ವಿಷಯ ಕೇಳ್ಬೇಕಿತ್ತು. ಆ ಮೀಸೆ ಇರೋ ಅಮ್ಮ ಯಾರು ಸರ್?"

ನನಗೆ ಅರ್ಥವಾಗಲಿಲ್ಲ. "ಯಾವಮ್ಮ?"

"ಅದೇ ಸರ್, ಹಳದಿ ಸೀರೆ. ಸೊಂಟದ ಮೇಲೆ ಬಿಂದಿಗೆ. ತುಂಬಾ ಫೋಟೋ ಇದೆ ಅವ್ರದ್ದು. ಒಂದ್ರಲ್ಲಿ ಮರಕ್ಕೆ ಒರಗಿ ಬೆರಳು ಕಚ್ತಾವ್ರೆ. ನಮ್ಮ ಸ್ಟಾಫ್ ಎಲ್ಲಾ ನೋಡ್ತಾನೇ ಇದಾರೆ."

ಮೆಲ್ಲಗೆ ಗಿರಿಜಾಳ ಕಡೆ ತಿರುಗಿದೆ. ಅವಳು ಬೆಲ್ಲದ ಅಚ್ಚನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಒತ್ತಿದ್ದಾಳೆ! ರತ್ನಗಿರಿಯಲ್ಲಿ ಇಡೀ ದಿನ ಒತ್ತಿದ್ದಾಳೆ! ಅಂದು ಕಿಲಕಿಲ ಎಂದವರು ಆಡು ಮೇಯಿಸುವ ಹೆಂಗಸರಲ್ಲ!

"ಅದು ಬಿಡ್ರಿ ಮೇಡಂ, ನಮ್ಮ ಹುಡುಗಿದು ಏನಾತು?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅದಕ್ಕೇ ಫೋನ್ ಮಾಡಿದ್ದು ಸರ್. ಮಿಕ್ಕಿದ್ರಲ್ಲಿ ಹುಡುಗಿ ಪರೀಕ್ಷೆಗೆ ಕೂತಂಗೆ ಅವ್ಳೆ. ಆದ್ರೆ ಒಂದ್ರಲ್ಲಿ ಬಂಡೆ ಮೇಲೆ ಕೂತು, ಹೊಟ್ಟೆ ಹಿಡ್ಕೊಂಡು, ಬಾಯ್ತುಂಬ ನಗ್ತಾವ್ಳೆ ನೋಡಿ, ಅದೇ ನಮಗೆ ಬೇಕಾಗಿದ್ದು. ಬೋರ್ಡಿಗೆ ಅದೇ ಹಾಕ್ತೀವಿ. ತುಂಬಾ ಚೆನ್ನಾಗಿ ತೆಗ್ದಿದೀರ ಸರ್."

ಉಮಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಸಪ್ಪನವರು ಮೂಟೆಯಿಂದ ಎದ್ದು ನಿಂತರು. ನನಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಸುಮ್ಮನಿರಲಾರದೆ ಜಂಬ ಕೊಚ್ಚಿತು.

"ಹೌದ್ರಿ ಮೇಡಂ, ಅದು ನನ್ನ ವಿಶೇಷ. ಮಾಡೆಲ್‌ನ ನಗಸೋದು ಒಂದು ವಿದ್ಯೆ. ಆ ಕ್ಷಣಾನ ಹಿಡಿಯೋದು..."

"ಆದ್ರೆ ಸರ್, ಫೋಟೋದ ಅಂಚಲ್ಲಿ ನಿಮ್ಮ ಮೊಣಕೈ ಕಾಣ್ತಾ ಇದೆಯಲ್ಲ? ಅದೇ ಹಳದಿ ಸೀರೆ, ಅದೇ ಬಿಂದಿಗೆ. ಅದನ್ನ ನೋಡಿಯೇ ಹುಡುಗಿ ನಗ್ತಾ ಇರೋದು. ಆ ಅಮ್ಮನ ಮೀಸೆ ನಿಮ್ಮ ವಾಟ್ಸಾಪ್ ಫೋಟೋದಲ್ಲೂ ಇದೆ ಸರ್. ನೀವು ಅಲ್ಲಿ ನಿಂತಿದ್ರೆ ತೆಗ್ದಿದ್ದು ಯಾರು?"

"ನಾನ್ರಿ" ಎಂದಳು ಗಿರಿಜಾ, ಬೆಲ್ಲದಿಂದ ಮುಖ ಎತ್ತಿ.

ಬಸಪ್ಪನವರು ನನ್ನ ಫೋನು ಕಸಿದುಕೊಂಡು ಆ ಫೋಟೋ ತೋರಿಸು ಅಂದರು. ಮಗಳು ಹೇಗೆ ನಗುತ್ತಾಳೆಂದು ಅವರು ಮರೆತೇಹೋಗಿದ್ದರೇನೋ, ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಜಾರಿ ಮುಂದಿನ ಫೋಟೋ ಬಂತು. ಅದರಲ್ಲಿ ನಾನು ಮರಕ್ಕೆ ಒರಗಿ ಬೆರಳು ಕಚ್ಚುತ್ತಿದ್ದೆ. ಬಸಪ್ಪನವರು ಒಂದು ಸಲ ಫೋನು ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಗತೊಡಗಿದರು. ಕೆಮ್ಮು ಬಂದು, ಉಮಾ ಬೆನ್ನು ತಟ್ಟಿ ನೀರು ಕೊಡಬೇಕಾಯಿತು.

ಕಣ್ಣೊರೆಸಿಕೊಂಡು ಅವರೇ ಅಮರಾಪುರಕ್ಕೆ ಫೋನ್ ಮಾಡಿದರು. "ಇವತ್ತು ಬರಬ್ಯಾಡ್ರಪ್ಪ, ತಪ್ಪು ತಿಳೀಬ್ಯಾಡಿ. ನಮ್ಮುಡುಗಿ ಹಿಂದೂಪುರದಾಗೆ ಬೋರ್ಡಿಗೆ ಹೋಗ್ತಾವ್ಳೆ. ಹೂಂ ಕಣಪ್ಪ, ಮಾತು ಅಂದ್ರೆ ಮಾತು" ಅಂದರು. ದನಿಯಲ್ಲಿ ಜಂಬ ಎದ್ದು ಕಾಣುತ್ತಿತ್ತು. ಗಂಡಿನ ಕಡೆಯವರಿಗೆಂದು ತಂದಿದ್ದ ಸಿಹಿಯನ್ನು ನಾವೇ ತಿಂದೆವು.

ಮುಂದಿನ ತಿಂಗಳು ಹಿಂದೂಪುರಕ್ಕೆ ಹೋಗಿ ಬೋರ್ಡು ನೋಡಿಕೊಂಡು ಬಂದೆ. ಎರಡು ಮಹಡಿ ಎತ್ತರಕ್ಕೆ ಉಮಾ ನಗುತ್ತಿದ್ದಾಳೆ. ಗುಳಿ ಹಾಗೇ ಇದೆ, ಎಣ್ಣೆಗೆಂಪು ಬಣ್ಣ ಹಾಗೇ ಇದೆ. ಪಕ್ಕದಲ್ಲಿ ಹಳದಿ ಸೆರಗಿನಡಿಯಿಂದ ನನ್ನ ಮೊಣಕೈ, ಕೂದಲ ಸಮೇತ. ಅದನ್ನು ಕತ್ತರಿಸಿದರೆ ನಗುವಿಗೆ ಕಾರಣವೇ ಹೋಗುತ್ತದೆಂದು ಅಂಗಡಿಯವರು ಹಾಗೆಯೇ ಉಳಿಸಿಕೊಂಡರಂತೆ. ಕೆಳಗೆ ಸಣ್ಣಕ್ಷರದಲ್ಲಿ ಬರೆದಿದೆ: ಛಾಯಾಚಿತ್ರ, ಗಿರಿಜಾ.

ಈಗ ನಮ್ಮ ಸ್ಟುಡಿಯೋಗೆ ಟಿ.ಎಫ್.ಪಿ. ಕೇಳಿಕೊಂಡು ಫೋನುಗಳು ಬರುತ್ತವೆ. "ಗಿರಿಜಮ್ಮಾರು ಅದಾರೇನ್ರಿ?" ಎನ್ನುತ್ತಾರೆ. ಅವಳು ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮುಂದೆ ಹೋಗುತ್ತಾಳೆ, ನಾನು ಮುಖಕ್ಕೆ ಬೆಳಕು ಬೀಳಿಸುವ ಥರ್ಮಾಕೋಲ್ ಹಲಗೆ ಹಿಡಿದು ಹಿಂದೆ. ಫೋಟೋ ಕಳಿಸುವ ಕೆಲಸವನ್ನಂತೂ ನನಗೆ ಮುಟ್ಟಗೊಡುವುದಿಲ್ಲ. ಆರಿಸಿದ ಹತ್ತೇ ಹತ್ತು, ಹುಡುಗಿಯ ಸ್ವಂತ ನಂಬರಿಗೇ ಹೋಗುತ್ತವೆ.

ಹಾಗಾದರೆ ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತಾಳೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅಂದು ಬಂದಿದ್ದ ಹುಡುಗಿಯೂ ಕ್ಯಾಮೆರಾ ಕಂಡು ಮುಖ ಬಿಗಿದುಕೊಂಡು ನಿಂತಿದ್ದಳು. ಗಿರಿಜಾ ಚೀಲದಿಂದ ಹಳದಿ ಸೀರೆ ತೆಗೆದು ನನ್ನ ಹೆಗಲ ಮೇಲೆ ಹಾಕಿದಳು.

"ಬಿಂದಿಗಿ ಅಲ್ಲಿ ಐತಿ. ಹೋಗಿ ನಿಂದ್ರಿ" ಅಂದಳು.

ನಿಂತೆ.